ಅಣ್ಣನಿಗೆ ಉಳಿದ ಭಾಷೆ, ಸಿಕ್ಕಿದ ಕೆಲಸ

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಅಣ್ಣ ಮೊದಲು ಕೇಳಿದ್ದು ನೀರು. ಅವನು ಕೇಳುತ್ತಿರುವುದು ನೀರೆಂದು ಪಕ್ಕದಲ್ಲೇ ಕೂತಿದ್ದ ನನಗೆ ಗೊತ್ತಾಗಲಿಲ್ಲ. "ತನ್ನಿ" ಎಂದ. ನಾನು ಸುಮ್ಮನಿದ್ದದ್ದು ಕಂಡು ಇನ್ನೊಮ್ಮೆ, ಸ್ವಲ್ಪ ಸಿಟ್ಟಿನಿಂದ, "ತನ್ನಿ, ತನ್ನಿ" ಎಂದ. ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ನನ್ನ ಕಿವಿಗೆ ಅದು ತೆಗೆದುಕೊಂಡು ಬನ್ನಿ ಎಂದೇ ಕೇಳಿಸಿತು. ನನ್ನನ್ನು ಯಾಕೆ ಬಹುವಚನದಲ್ಲಿ ಕರೆಯುತ್ತಿದ್ದಾನೆ ಎಂದು ಒಂದು ಕಡೆ ಆಶ್ಚರ್ಯ, ಮಾತು ಬಂತಲ್ಲ ಎಂದು ಇನ್ನೊಂದು ಕಡೆ ಸಂತೋಷ.

"ಎಂತ ತರ್ಬೇಕು ಅಣ್ಣ? ಹೇಳು, ಎಂತ ತರ್ಬೇಕು?" ಎಂದು ಕೇಳುತ್ತಲೇ ಹೋದೆ. ಅವನ ಕಣ್ಣಲ್ಲಿ ನೀರು ಬಂತು.

ವರಾಂಡದಲ್ಲಿ ಕೂತಿದ್ದ ಅಮ್ಮ ಒಳಗೆ ಬಂದಳು. ಅವನು ಮತ್ತೆ ಅದೇ ಮಾತು ಹೇಳಿದ. ಅಮ್ಮ ಒಂದು ಕ್ಷಣ ಬಾಗಿಲಲ್ಲೇ ನಿಂತು, ಆಮೇಲೆ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವನ ತಲೆ ಎತ್ತಿ ಕುಡಿಸಿದಳು. ಅವನು ಕುಡಿದು ಕಣ್ಣು ಮುಚ್ಚಿದ.

"ನಿಂಗೆ ಹೇಗೆ ಗೊತ್ತಾಯ್ತು?" ಎಂದೆ.

"ಅದು ಬ್ಯಾರಿ ಭಾಷೆ. ತನ್ನಿ ಅಂದ್ರೆ ನೀರು."

"ಅವನಿಗೆ ಬ್ಯಾರಿ ಎಲ್ಲಿಂದ ಬಂತು? ನಿಂಗೆ ಎಲ್ಲಿಂದ ಬಂತು?"

ಅಮ್ಮ ಲೋಟ ಒರೆಸಿ ಕವುಚಿಟ್ಟಳು. "ಮನೆಗೆ ಹೋದ ಮೇಲೆ ಹೇಳ್ತೇನೆ," ಎಂದಳು.

ಇದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಬರುವ ಅಮ್ಮನ ಮಾತುಗಳೆಲ್ಲ ತುಳುವಿನಲ್ಲಿ ಆಡಿದವು. ಕನ್ನಡ ಶಾಲೆಯದ್ದು, ಕಚೇರಿಯದ್ದು, ಗುರುತಿಲ್ಲದವರ ಜೊತೆ ಆಡುವಂಥದ್ದು. ಬ್ಯಾರಿ ನಮ್ಮ ಕರಾವಳಿಯ ಮುಸ್ಲಿಮರ ಮನೆಮಾತು. ನಮ್ಮ ಜಿಲ್ಲೆ ಆಗಿನ್ನೂ ಮದರಾಸಿನ ಕೈಯಲ್ಲಿತ್ತು, ಮೈಸೂರಿಗೆ ಸೇರುತ್ತದೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ಕಾಲ. ಜೆಪ್ಪುವಿನಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ನನ್ನ ಎಳವೆಯಲ್ಲೇ ತೀರಿಕೊಂಡಿದ್ದರು. ಅಣ್ಣ ಹತ್ತಿರದ ಹಂಚಿನ ಕಾರ್ಖಾನೆಯಲ್ಲಿ ರೈಟರ್, ಎಂದರೆ ಗುಮಾಸ್ತ. ಸುಡುವ ಗೂಡಿನಿಂದ ಹಂಚು ಹೊರಗೆ ಬರುವಾಗ ಆಳುಗಳು ಕೂಗಿ ಹೇಳುವುದನ್ನು ಕೇಳಿಸಿಕೊಂಡು, ಯಾವ ಹಂಚು ಯಾವ ರಾಶಿಗೆ, ಯಾವ ರಾಶಿ ಯಾವ ದೋಣಿಗೆ ಎಂದು ಗೊತ್ತು ಮಾಡುವ ಕೆಲಸ. ತುಳು, ಕನ್ನಡ, ಕೊಂಕಣಿ, ಕೆಲಸಕ್ಕೆ ಬೇಕಾದಷ್ಟು ಇಂಗ್ಲಿಷ್, ಎಲ್ಲ ಅವನ ಬಾಯಲ್ಲಿದ್ದವು. ಮಾತು ಮಾತ್ರ ಕಡಿಮೆ. ಮನೆಗೆ ಬಂದರೆ ಅವನಿದ್ದಾನೆ ಎಂದು ಗೊತ್ತಾಗುತ್ತಿದ್ದದ್ದು ಅಂಗಳದಲ್ಲಿ ಒರಗಿಸಿಟ್ಟ ಸೈಕಲಿನಿಂದ.

ಆ ಸೈಕಲಿನಿಂದಲೇ ಬಿದ್ದದ್ದು. ಸಂಜೆ ಇಳಿಜಾರಿನಲ್ಲಿ ಬರುವಾಗ ಕರುವೊಂದು ಅಡ್ಡ ಓಡಿತಂತೆ, ತಲೆ ಮುರಕಲ್ಲಿನ ಗೋಡೆಗೆ ಹೊಡೆಯಿತಂತೆ. ಹೊರಗೆ ಕಂಡದ್ದು ಸಣ್ಣ ಗಾಯ. ಒಳಗೆ ಏನಾಗಿದೆ ಎಂದು ನೋಡುವ ಯಂತ್ರ ಆ ಕಾಲದಲ್ಲಿ ಇರಲಿಲ್ಲ. ಮದರಾಸಿನಲ್ಲಿ ಓದಿ ಬಂದಿದ್ದ ಡಾಕ್ಟರು ತಮ್ಮ ತಲೆಯ ಎಡಗಡೆ ಬೆರಳಿಟ್ಟು ತೋರಿಸಿದರು.

"ಪೆಟ್ಟು ಬಿದ್ದದ್ದು ಇಲ್ಲಿ. ಮಾತು ಇರುವ ಜಾಗ ಇದು."

"ಮಾತು ಬರ್ತಾ ಉಂಟಲ್ಲ ಡಾಕ್ಟ್ರೇ. ಆದ್ರೆ ನಮ್ಮ ಮಾತಲ್ಲ," ಎಂದೆ.

"ಅದು ಯಾಕೆ ಅಂತ ನನಗೆ ಗೊತ್ತಿಲ್ಲಮ್ಮ. ಒಂದು ಭಾಷೆ ಹೋಗಿ ಇನ್ನೊಂದು ಉಳಿಯುವುದು ಉಂಟು ಅಂತ ಓದಿದ್ದೇನೆ. ಕಣ್ಣಾರೆ ನೋಡುವುದು ಇದೇ ಮೊದಲು."

"ಗುಣ ಆಗ್ತದಾ?"

"ಸ್ವಲ್ಪ ಆಗಬಹುದು. ಎಷ್ಟು, ಯಾವಾಗ ಅಂತ ಹೇಳಿದ್ರೆ ಸುಳ್ಳು ಹೇಳಿದ ಹಾಗೆ ಆಗ್ತದೆ. ಒಂದು ಮಾತ್ರ ಹೇಳ್ತೇನೆ, ಮನೆಯಲ್ಲಿ ಮಲಗಿಸಿ ಇಡಬೇಡಿ. ಜನರ ನಡುವೆ ಇರಲಿ, ಕೆಲಸ ಮಾಡಲಿ. ಮಕ್ಕಳಾಟದ ಕೆಲಸ ಅಲ್ಲ, ನಿಜವಾದ ಕೆಲಸ."

ನಾನು ತಲೆಯಾಡಿಸಿದೆ. ಯಾವ ಕೆಲಸ ಎಂದು ಕೇಳಲು ತೋಚಿದ್ದು ಆಸ್ಪತ್ರೆಯ ಮೆಟ್ಟಿಲು ಇಳಿದ ಮೇಲೆ.

ಮನೆಗೆ ಬಂದ ಮೇಲೆ ಅಮ್ಮ ಹೇಳಿದಳು. ನಾನು ಹುಟ್ಟುವ ಮೊದಲು ನಮ್ಮವರಿದ್ದದ್ದು ಬಂದರಿನಲ್ಲಿ. ಅಪ್ಪ ಒಬ್ಬ ಬ್ಯಾರಿ ವ್ಯಾಪಾರಿಯ ಗೋದಾಮಿನಲ್ಲಿ ತೂಕ ಹಾಕುವವರು. ಗೋದಾಮಿನ ಹಿಂದಿನ ಸಾಲುಮನೆಯಲ್ಲಿ ನಮ್ಮದೊಂದೇ ತುಳು ಮನೆ. ಅಣ್ಣ ಹತ್ತು ವರ್ಷದವರೆಗೆ ಅಲ್ಲಿನ ಮಕ್ಕಳ ಜೊತೆಯೇ ಬೆಳೆದವ. ಅಪ್ಪ ತೀರಿಕೊಂಡ ಮೇಲೆ, ನಾನು ಕೈಗೂಸಾಗಿದ್ದಾಗ, ಜೆಪ್ಪುವಿಗೆ ಬಂದದ್ದು. ಆಮೇಲೆ ಅವನ ಬಾಯಲ್ಲಿ ಬ್ಯಾರಿಯ ಒಂದು ಶಬ್ದವನ್ನೂ ಅವಳು ಕೇಳಿರಲಿಲ್ಲ. ಇಪ್ಪತ್ತು ವರ್ಷ ಎಲ್ಲೋ ಅಡಗಿದ್ದ ಆ ಭಾಷೆ ಈಗ ಒಂದೇ ಉಳಿದಿತ್ತು.

ಅವನು ಅಮ್ಮನನ್ನು "ಉಮ್ಮ" ಎಂದು ಕರೆಯತೊಡಗಿದ. ಅನ್ನಕ್ಕೆ "ಚೋರು" ಎಂದ. ನನ್ನನ್ನು ಏನೂ ಕರೆಯಲಿಲ್ಲ. ಬಂದರಿನ ಕಾಲದಲ್ಲಿ ನಾನು ಬರೀ ಕೈಗೂಸಾಗಿದ್ದೆನಲ್ಲ, ಆ ಭಾಷೆಯಲ್ಲಿ ನನಗೆ ಹೆಸರಿಲ್ಲವೇನೋ ಎಂದು ನನಗೇ ಅನ್ನಿಸಿತು. ನಾವು ತುಳುವಿನಲ್ಲಿ ಮಾತಾಡಿದರೆ ಅವನು ಬಾಯನ್ನೇ ನೋಡುತ್ತಿದ್ದ. ಒಂದೆರಡು ಶಬ್ದ ಹಿಡಿದಂತೆ ಮಾಡಿ ಕೈಬಿಡುತ್ತಿದ್ದ. ಓದಲು ಪುಸ್ತಕ ಕೊಟ್ಟರೆ ಅದನ್ನು ಅತ್ತಿತ್ತ ತಿರುಗಿಸಿ, ಯಾವುದು ಮೇಲೆ ಯಾವುದು ಕೆಳಗೆ ಎಂದು ನೋಡಿ ಕೆಳಗಿಡುತ್ತಿದ್ದ. ಬಲಗೈ ನಿಧಾನವಾಗಿತ್ತು. ಮಧ್ಯಾಹ್ನವಾದರೆ ತಲೆನೋವು. ಮೊದಲಿಲ್ಲದ ಸಿಟ್ಟು ಬಂದಿತ್ತು, ಮೊದಲಿಲ್ಲದ ನಗುವೂ ಬಂದಿತ್ತು.

ನೆರೆಮನೆಯ ಹೆಂಗಸು ಅಂಗಳದಾಚೆಯಿಂದಲೇ ಹೇಳಿದಳು, "ಇದು ಡಾಕ್ಟ್ರ ಕೆಲಸ ಅಲ್ಲ. ಯಾರೋ ಹೊಕ್ಕಿದ್ದಾರೆ. ಅವನ ಬಾಯಲ್ಲಿ ಬೇರೆಯವರು ಮಾತಾಡುವುದು." ಅಮ್ಮನ ತಮ್ಮ, ದೇರೆಬೈಲಿನ ಮಾವ, ಒಬ್ಬ ಮಂತ್ರವಾದಿಯನ್ನು ಕರೆತಂದರು. ಅವರು ಅಣ್ಣನ ಎದುರು ಕೂತು "ನೀನು ಯಾರು? ಎಲ್ಲಿಂದ ಬಂದೆ?" ಎಂದು ತುಳುವಿನಲ್ಲಿ ಗದರಿಸಿದರು. ಅಣ್ಣನಿಗೆ ಅದು ಅರ್ಥವಾಗಲಿಲ್ಲ. ಅಣ್ಣ ಹೇಳಿದ್ದು ಅವರಿಗೂ ತಿಳಿಯಲಿಲ್ಲ. ಅಮ್ಮನೇ ನಡುವೆ ಬಂದು, "ಅವ ಹೇಳ್ತಾನೆ, ಹಸಿವಾಗ್ತಾ ಉಂಟಂತೆ," ಎಂದಳು. ಮಂತ್ರವಾದಿಗಳು ಎದ್ದು ಹೋದರು.

ಮೊದಲು ಹೋದದ್ದು ಅವನ ಹಳೆಯ ಕೆಲಸಕ್ಕೇ. ಕಾರ್ಖಾನೆಯ ಮ್ಯಾನೇಜರರು ಒಳ್ಳೆಯ ಮನುಷ್ಯ. "ಕುರ್ಚಿ ಅವನದ್ದೇ. ಬಂದು ಕೂತರೆ ನೆನಪು ಬರಬಹುದು," ಎಂದರು. ಅಣ್ಣ ಶರ್ಟು ಹಾಕಿ, ಕೊಡೆ ಹಿಡಿದು ಹೋದ. ಆಳುಗಳು ಕೂಗುತ್ತಿದ್ದರು, ಅವನು ಅವರ ಬಾಯಿ ನೋಡುತ್ತಿದ್ದ. ಜೊತೆಯವರು ಅವನ ಕೆಲಸವನ್ನು ಸದ್ದಿಲ್ಲದೆ ತಾವೇ ಮಾಡಿ, ಅವನ ಎದುರು ಚಹಾ ತಂದಿಡುತ್ತಿದ್ದರು. ಅವರದ್ದು ಪ್ರೀತಿಯೇ. ಕೆಲವು ವಾರ ಹೀಗೆ ನಡೆಯಿತು. ಒಂದು ದಿನ ಕೆಲಸದ ನಡುವೆ ಎದ್ದು, ಕೊಡೆ ತೆಗೆದುಕೊಂಡು ಮನೆಗೆ ಬಂದವನು ಮತ್ತೆ ಆ ದಾರಿ ಹಿಡಿಯಲಿಲ್ಲ. ಯಾಕೆಂದು ಅಮ್ಮ ಬ್ಯಾರಿಯಲ್ಲಿ ಕೇಳಿದಳು. ಅವನು ಹೇಳಿದ್ದನ್ನು ನನಗೆ ತುಳುವಿಗೆ ತಿರುಗಿಸಿ ಹೇಳಿದಳು: "ಅಲ್ಲಿ ನಾನು ಇಲ್ಲ ಅಂತಾನೆ."

ಆಮೇಲೆ ಮಾವನ ಬಟ್ಟೆ ಅಂಗಡಿ. ಪೇಟೆಯ ನಡುವೆ ಇದ್ದ ಅಂಗಡಿ. ಗಿರಾಕಿಗಳು ಬಿಚ್ಚಿಸಿದ ಸೀರೆ ಮಡಚಿಡುವುದು ಕೆಲಸ, ಮಾತು ಬೇಕಾಗಿಲ್ಲ ಎಂದು ನಾವೆಲ್ಲ ಎಣಿಸಿದ್ದೆವು. ಅಂಗಡಿಯಲ್ಲಿ ಮಾತು ಬೇಡದ ಕೆಲಸ ಇಲ್ಲ. ಗಿರಾಕಿಗಳು ಬಣ್ಣ ಕೇಳುತ್ತಿದ್ದರು, ಇವನು ಬ್ಯಾರಿಯಲ್ಲಿ ಉತ್ತರ ಕೊಡುತ್ತಿದ್ದ, ಅವರು ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಒಂದು ಸಂಜೆ ಜನ ತುಂಬಿದ್ದಾಗ ಯಾರೋ ಅವನ ಮಾತನ್ನು ಅಣಕಿಸಿದರಂತೆ. ಇವನು ಬಟ್ಟೆಯ ಥಾನೊಂದನ್ನು ಎತ್ತಿ ಬೀದಿಗೆ ಎಸೆದ.

ಮಾವ ಅವನನ್ನು ಮನೆಗೆ ಕರೆತಂದು ಜಗಲಿಯಲ್ಲಿ ಕೂತರು. "ಅಕ್ಕ, ಅವ ಊಟ ಮಾಡಿಕೊಂಡು ಮನೆಯಲ್ಲೇ ಇರ್ಲಿ. ನಾನು ಬದುಕಿರುವವರೆಗೆ ನೋಡಿಕೊಳ್ತೇನೆ."

"ಅವನಿಗೆ ಮೂವತ್ತು ದಾಟಿದೆ ಅಷ್ಟೆ," ಎಂದಳು ಅಮ್ಮ. "ಇನ್ನು ಮುಂದಿನ ಕಾಲ ಎಲ್ಲ ಊಟ ಮಾಡಿಕೊಂಡೇ ಇರುವುದಾ?"

ಮಾವ ಹೋದ ಮೇಲೆ ನನ್ನ ಕಡೆ ತಿರುಗಿ, "ನಾಳೆ ನಿಂಗೆ ಶಾಲೆ ಉಂಟಾ?" ಎಂದು ಕೇಳಿದಳು.

"ಇಲ್ಲ, ರಜೆ."

"ಹಾಗಾದ್ರೆ ಬಂದರಿಗೆ ಹೋಗುವ."

ಅಪ್ಪ ತೂಕ ಹಾಕುತ್ತಿದ್ದ ಗೋದಾಮು ಅಲ್ಲೇ ಇತ್ತು. ಯಜಮಾನರು ಮೆಕ್ಕಾಕ್ಕೆ ಹೋಗಿ ಬಂದವರಾದ್ದರಿಂದ ಎಲ್ಲರೂ ಹಾಜಿಯವರು ಎನ್ನುತ್ತಿದ್ದರು. ಒಳಮೆಣಸು, ಒಣಶುಂಠಿ, ಬೆಲ್ಲ ಎಲ್ಲ ಅಲ್ಲಿ ಗೋಣಿಗೆ ತುಂಬಿ, ಮಂಜಿಗಳಲ್ಲಿ, ಅಂದರೆ ದೊಡ್ಡ ಹಾಯಿದೋಣಿಗಳಲ್ಲಿ, ಬೊಂಬಾಯಿಗೂ ಅದರಾಚೆಗೂ ಹೋಗುತ್ತಿತ್ತು. ಬಾಗಿಲಲ್ಲೇ ಮೆಣಸಿನ ಘಾಟಿಗೆ ನನಗೆ ಸೀನು ಬಂತು. ಒಳಗೆ ಹೊರೆಯಾಳುಗಳು ಬ್ಯಾರಿಯಲ್ಲಿ ಕೂಗಾಡುತ್ತಾ ಗೋಣಿ ಹೊರುತ್ತಿದ್ದರು. ಅಣ್ಣ ಹೊಸ್ತಿಲಲ್ಲಿ ನಿಂತ. ಅಷ್ಟು ದಿನ ನಮ್ಮ ಬಾಯಿಗಳನ್ನೇ ನೋಡುತ್ತಿದ್ದವನು ಈಗ ಯಾರ ಬಾಯಿಯನ್ನೂ ನೋಡದೆ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದ. ಯಾರೋ ಏನೋ ಹೇಳಿದ್ದಕ್ಕೆ ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಅಮ್ಮನೂ ನಕ್ಕಳು. ಅಲ್ಲಿ ಭಾಷೆ ಬಾರದವಳು ನಾನೊಬ್ಬಳೇ. ಸಂತೋಷಪಡಬೇಕೋ ಬೇಡವೋ ಎಂದು ತಿಳಿಯದೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ.

ಹಾಜಿಯವರಿಗೆ ಅಪ್ಪನ ನೆನಪಿತ್ತು. ಅಣ್ಣನ ಜೊತೆ ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ಅಮ್ಮನ ಕಡೆ ತಿರುಗಿ ತುಳುವಿನಲ್ಲಿ ಹೇಳಿದರು, "ಇವ ಮಾತಾಡುವುದು ಹತ್ತು ವರ್ಷದ ಮಕ್ಕಳ ಬ್ಯಾರಿ. ಮೀಸೆ ಬಂದ ಗಂಡಸಿನ ಬಾಯಲ್ಲಿ ಕೇಳುವಾಗ ನಗು ಬರ್ತದೆ. ಬೇಜಾರು ಮಾಡಬೇಡಿ."

"ಇಲ್ಲ," ಎಂದಳು ಅಮ್ಮ.

"ಈಗ ಹೇಳಿ, ನೀವು ಬಂದದ್ದು ಸಹಾಯ ಕೇಳಲಿಕ್ಕಾ, ಕೆಲಸ ಕೇಳಲಿಕ್ಕಾ?"

"ಕೆಲಸ ಕೇಳಲಿಕ್ಕೆ."

"ಹಾಗಾದ್ರೆ ಕೆಲಸ ಸರಿ ಆಗದಿದ್ರೆ ಬಯ್ಯುತ್ತೇನೆ. ಉಳಿದವರಿಗೆ ಹೇಗೋ ಹಾಗೆ."

"ಬಯ್ಯಿರಿ. ಆದ್ರೆ ಬ್ಯಾರಿಯಲ್ಲೇ ಬಯ್ಯಬೇಕು. ಬೇರೆದ್ರಲ್ಲಿ ಬೈದ್ರೆ ಅವನಿಗೆ ಗೊತ್ತಾಗುವುದಿಲ್ಲ."

ತುಂಬಿದ ಗೋಣಿಯ ಬಾಯಿ ಹೊಲಿಯುವ ಕೆಲಸ ಸಿಕ್ಕಿತು. ಉದ್ದದ ದಬ್ಬಣಕ್ಕೆ ಸೆಣಬಿನ ದಾರ ಪೋಣಿಸಿ ಹೊಲಿಯಬೇಕು. ಬಲಗೈ ಹೇಳಿದ ಹಾಗೆ ಕೇಳದ ಕಾರಣ ಮೊದಮೊದಲು ಹೊಲಿಗೆ ಸಡಿಲವಾಗಿ, ದೋಣಿಗೆ ಏರಿಸುವಾಗ ಗೋಣಿ ಬಿಚ್ಚಿ ಮೆಣಸು ಧಕ್ಕೆಯ, ಎಂದರೆ ದೋಣಿ ನಿಲ್ಲುವ ಕಟ್ಟೆಯ, ಮೇಲೆಲ್ಲ ಚೆಲ್ಲಿತು. ಹಾಜಿಯವರು ಹೇಳಿದ ಮಾತಿನ ಪ್ರಕಾರ ಬೈದರು. ಆ ಸಂಜೆ ಅಣ್ಣ ಮನೆಗೆ ಬಂದು ಬೈಗಳನ್ನು ಒಂದೂ ಬಿಡದೆ ಅಮ್ಮನಿಗೆ ಹೇಳಿ ನಕ್ಕ. ಅಮ್ಮ ಕಿವಿ ಮುಚ್ಚಿಕೊಂಡಳು. ಚಹಾ ಕೊಟ್ಟು ಉಪಚಾರ ಮಾಡಿದ ಕಾರ್ಖಾನೆಯಿಂದ ಎದ್ದು ಬಂದವನು ಬೈಸಿಕೊಂಡ ಗೋದಾಮಿಗೆ ಮರುದಿನ ಬೆಳಕು ಹರಿಯುವ ಮೊದಲೇ ಹೊರಟು ನಿಂತಿದ್ದ. ನನಗೆ ತಲೆಬುಡ ತಿಳಿಯಲಿಲ್ಲ.

ಕೆಲಸ ಸಿಕ್ಕಿದ ಮಾತ್ರಕ್ಕೆ ಉಳಿಯುತ್ತದೆ ಎಂದಿರಲಿಲ್ಲ. ದಬ್ಬಣ ಎಲ್ಲಿಟ್ಟೆ ಎಂಬುದು ಅವನಿಗೆ ನೆನಪಿರುತ್ತಿರಲಿಲ್ಲ. ಕೊನೆಗೆ ಅದನ್ನು ಕಂಬಕ್ಕೆ ದಾರದಿಂದ ಕಟ್ಟಿ ತೂಗುಬಿಟ್ಟರು. ಮಧ್ಯಾಹ್ನ ಎತ್ತಿನ ಗಾಡಿಗಳ ಸದ್ದು ಏರಿದರೆ ಅವನಿಗೆ ತಲೆ ಸಿಡಿಯುತ್ತಿತ್ತು. ಒಮ್ಮೆ ಗೋಣಿಗಳ ಸಂದಿಯಲ್ಲಿ ಮಲಗಿ ನಿದ್ದೆ ಮಾಡಿದ. ಹೊರೆಯಾಳುಗಳ ಮೇಸ್ತ್ರಿಗೆ ಅದು ಹಿಡಿಸಲಿಲ್ಲ. "ಇವ ಮಲಗುವುದು, ನಾವು ಹೊರುವುದು. ಇದು ಯಾವ ನ್ಯಾಯ ಹಾಜಿಯವರೇ?" ಎಂದು ಕೇಳಿದನಂತೆ. ಹಾಜಿಯವರು, "ನ್ಯಾಯ ಅಲ್ಲ, ಸರಿ. ಅವ ಬೆಳಿಗ್ಗೆ ನಿಮಗಿಂತ ಮೊದಲೇ ಬಂದು ಹೊಲಿಯಲಿ. ಆಮೇಲೆ ಮಲಗಲಿ," ಎಂದು ಅವನ ಹೊತ್ತನ್ನೇ ಬದಲಾಯಿಸಿದರು. ಗಾಡಿಗಳು ಬರುವ ಮೊದಲಿನ ತಣ್ಣನೆಯ ಹೊತ್ತಿನಲ್ಲಿ ಅಣ್ಣನ ಕೈ ಸಲೀಸಾಗಿ ಓಡುತ್ತಿತ್ತು.

ಇನ್ನೊಮ್ಮೆ ಹೊಸದಾಗಿ ಬಂದ ಹೊರೆಯಾಳಿಗೆ ಹೊಡೆದುಬಿಟ್ಟ. ಅವನು ಇವನ ಮಕ್ಕಳ ಬ್ಯಾರಿ ಕೇಳಿ ನಕ್ಕಿದ್ದ. ಹಾಜಿಯವರು ನನ್ನನ್ನು ಕರೆಸಿದರು. ನಾನು ಟೀಚರಾದ್ದರಿಂದ ನನ್ನ ಜೊತೆ ಕನ್ನಡವೇ ಆಡುತ್ತಿದ್ದರು.

"ಟೀಚರೇ, ಇವನ ಸಿಟ್ಟು ಬರುವ ಮೊದಲು ಗೊತ್ತಾಗುವುದು ಹೇಗೆ?"

ನಾನು ಯೋಚಿಸಿದೆ. "ಕಿವಿ ಕೆಂಪಾಗ್ತದೆ."

"ಮತ್ತೆ?"

"ಮತ್ತೆ ಎಂತ ಮಾಡುವುದು ಅಂತ ನಮಗೂ ಗೊತ್ತಿಲ್ಲ. ಮನೆಯಲ್ಲಿ ನಾವು ಸುಮ್ಮನಿರ್ತೇವೆ. ಅವ ಹೊರಗೆ ಹೋಗಿ ಕೂರ್ತಾನೆ."

ಹಾಜಿಯವರು ಮೇಸ್ತ್ರಿಯನ್ನು ಕರೆದು ಮಾತಾಡಿದರು. ಕಿವಿ ಕೆಂಪಾದದ್ದು ಕಂಡರೆ ಯಾರಾದರೂ ಒಬ್ಬರು ಅವನ ಕೈಯಿಂದ ದಬ್ಬಣ ತೆಗೆದುಕೊಳ್ಳುವುದು, ಅವನು ಹೋಗಿ ಧಕ್ಕೆಯ ಮೇಲೆ ಕೂತು ಬರುವುದು, ಯಾಕೆಂದು ಯಾರೂ ಕೇಳದಿರುವುದು. ಹೊಡೆತ ತಿಂದವನ ಎದುರು ಅಣ್ಣ ಹೋಗಿ ಕೂತು, ತನ್ನ ಬುತ್ತಿ ಬಿಚ್ಚಿ ಅವನ ಮುಂದಿಟ್ಟನಂತೆ. ಆಮೇಲೂ ಸಿಟ್ಟು ಬಂದದ್ದುಂಟು. ಹೊಡೆತದವರೆಗೆ ಹೋದದ್ದು ಕಡಿಮೆ.

ಹೀಗೆ ಒಂದೆರಡು ಮಳೆಗಾಲ ಕಳೆಯಿತು. ಅಮ್ಮ ಅವನ ಜೊತೆ ಬ್ಯಾರಿ ಮಾತಾಡುತ್ತಿದ್ದಳು. ನಾನೂ ಸ್ವಲ್ಪ ಕಲಿತೆ. ನನ್ನ ಉಚ್ಚಾರ ಕೇಳಿ ಅವನು ಬಿದ್ದು ಬಿದ್ದು ನಗುತ್ತಿದ್ದ. ಅಷ್ಟು ಜೋರಾಗಿ ನಗುವ ಅಣ್ಣ ನನಗೆ ಗೊತ್ತಿರಲಿಲ್ಲ. ಒಂದು ದಿನ ತಡೆಯಲಾರದೆ ಅಮ್ಮನನ್ನು ಕೇಳಿದೆ, "ಇವ ನಮ್ಮ ಅಣ್ಣನೇನಾ? ನಮ್ಮ ಅಣ್ಣ ಹೀಗಿರ್ಲಿಲ್ಲ."

ಅಮ್ಮ ಅಕ್ಕಿ ಆರಿಸುತ್ತಿದ್ದಳು. "ನೀನು ಹುಟ್ಟುವ ಮೊದಲು ಇವ ಹೀಗೇ ಇದ್ದ. ಬಂದರಿನಲ್ಲಿ ಇವನದ್ದೇ ಗಲಾಟೆ. ನಿನ್ನಪ್ಪ ಹೋಗಿ ನಾವು ಇಲ್ಲಿಗೆ ಬಂದ ಮೇಲೆ ಬಾಯಿ ಮುಚ್ಚಿದ್ದು. ಅದೇ ಅವನ ಗುಣ ಅಂತ ನೀನು ಎಣಿಸಿದ್ದಿ."

ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಬೇಕು. ಆದರೆ ಮೊದಲಿಗಿಂತ ಹೆಚ್ಚು ಗೊಂದಲವಾಯಿತು. ಇಪ್ಪತ್ತು ವರ್ಷ ನನ್ನ ಜೊತೆ ಇದ್ದ ಮೌನಿ ಯಾರು, ಈಗಿನ ಈ ನಗುವವನು ಯಾರು, ಇವರಲ್ಲಿ ಯಾರಿಗೆ ಪೆಟ್ಟು ಬಿದ್ದದ್ದು?

ಆಮೇಲೆ ಒಂದು ಬೆಳಿಗ್ಗೆ ಗಂಜಿ ಉಣ್ಣುತ್ತಾ ಅಣ್ಣ ತುಳುವಿನಲ್ಲಿ "ಉಪ್ಪು ಕಮ್ಮಿ" ಎಂದ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅವನು ತಲೆಯೆತ್ತಿ "ಅಪ್ಪೆ" ಎಂದ. ನಮ್ಮ ಭಾಷೆಯಲ್ಲಿ ತಾಯಿಯನ್ನು ಕರೆಯುವ ಮಾತು. ಅಮ್ಮ ನೆಲದ ಮೇಲೆ ಕೂತು ಅತ್ತಳು. ನನ್ನನ್ನು ನೋಡಿ "ಮೆಗ್ದಿ" ಎಂದ, ತಂಗಿ ಎಂದು. ಅವನನ್ನು ಕೆಲಸಕ್ಕೆ ಕಳಿಸಿ ನಾನು ಶಾಲೆಗೆ ಹಾರಿದಂತೆ ಹೋದೆ. ಎಲ್ಲ ಸರಿಯಾಯಿತು ಎಂದುಕೊಂಡೆ.

ಮಧ್ಯಾಹ್ನದ ಗಂಟೆಯ ಹೊತ್ತಿಗೆ ಹೊರೆಯಾಳೊಬ್ಬ ಶಾಲೆಯ ಗೇಟಿನಲ್ಲಿ ನಿಂತಿದ್ದ. "ಟೀಚರೇ, ನಿಮ್ಮ ಅಣ್ಣನಿಗೆ ಎಂತ ಆಗಿದೆ ಇವತ್ತು? ಯಾರು ಎಂತ ಹೇಳಿದ್ರೂ ಗೊತ್ತಾಗುವುದಿಲ್ಲ ಮಾರಾಯ್ರೆ. ಮೂಲೆಯಲ್ಲಿ ಕೂತಿದ್ದಾನೆ. ಹತ್ತಿರ ಹೋದ್ರೆ ಹೆದರ್ತಾನೆ."

ಓಡಿದೆ. ಅಣ್ಣ ಗೋಣಿಗಳ ಹಿಂದೆ ಮೊಣಕಾಲು ಅಪ್ಪಿಕೊಂಡು ಕೂತಿದ್ದ. ದಿನಾ ಜೊತೆಗೆ ಚಹಾ ಕುಡಿಯುವವರನ್ನು ಪರದೇಶದವರಂತೆ ನೋಡುತ್ತಿದ್ದ. ತುಳು ಬಂದಿತ್ತು, ಬ್ಯಾರಿ ಹೋಗಿತ್ತು. ನನ್ನ ಕೈ ಹಿಡಿದು ತುಳುವಿನಲ್ಲಿ ಕೇಳಿದ, "ಇವರು ಎಂತ ಹೇಳುವುದು? ಯಾಕೆ ಎಲ್ಲರೂ ಹೀಗೆ ಮಾತಾಡುವುದು?"

ಮರುದಿನ ಬ್ಯಾರಿ ಮರಳಿತು, ತುಳು ಇರಲಿಲ್ಲ. ಮೂರನೆಯ ದಿನವೂ ಹಾಗೆಯೇ. ಆಮೇಲೆ ಒಮ್ಮೆ ಇದು, ಒಮ್ಮೆ ಅದು. ಮೊದಲೇ ಹೇಳಲು ಆಗುತ್ತಿರಲಿಲ್ಲ. ಡಾಕ್ಟರ ಹತ್ತಿರ ಮತ್ತೆ ಹೋದೆವು. ಅವರು ಅಣ್ಣನ ಎದುರು ಕೂತು ಅವನನ್ನೇ ನೋಡಿ, "ಗುಣ ಆಗ್ತಾ ಇರುವುದು ಹೌದು. ಆದರೆ ಹೀಗೆ ಯಾಕೆ, ನಿಜವಾಗಿ ನನಗೆ ಗೊತ್ತಿಲ್ಲ," ಎಂದರು. ಅಮ್ಮ ಅಷ್ಟು ದಿನ ದೇವರಲ್ಲಿ ಮಗನ ತುಳುವನ್ನು ಬೇಡುತ್ತಿದ್ದವಳು ಈಗ ದೀಪ ಹಚ್ಚಿ ಸುಮ್ಮನೆ ನಿಲ್ಲುತ್ತಿದ್ದಳು. "ಯಾವುದು ಕೇಳುವುದು? ತುಳು ಕೇಳಿದ್ರೆ ಕೆಲಸ ಹೋಗ್ತದೆ. ಬ್ಯಾರಿ ಕೇಳಿದ್ರೆ ನನ್ನನ್ನು ಅಪ್ಪೆ ಅಂತ ಕರೆಯುವವರಿಲ್ಲ."

ಕೆಲಸ ಹೋಗಲಿಲ್ಲ. ನಾನು ಹೆದರಿದ್ದು ಒಂದು ವಿಷಯ ಮರೆತು. ಬಂದರಿನಲ್ಲಿ ತುಳು ಬಾರದವರು ಯಾರಿದ್ದರು? ಹಾಜಿಯವರಿಂದ ಹಿಡಿದು ಹೊರೆಯಾಳುಗಳವರೆಗೆ ಎಲ್ಲರಿಗೂ ಎರಡೂ ಬರುತ್ತಿತ್ತು. ಒಂದೇ ಭಾಷೆಯಲ್ಲಿ ಬದುಕುತ್ತಿದ್ದದ್ದು ಜೆಪ್ಪುವಿನ ನಮ್ಮ ಬೀದಿ. ಅವರಿಗೆ ಬೇಕಾಗಿದ್ದದ್ದು ಇವತ್ತು ಯಾವುದು ಎಂದು ಬೆಳಿಗ್ಗೆಯೇ ಗೊತ್ತಾಗುವುದು, ಅಷ್ಟೇ. ಗೋದಾಮಿನ ಬಾಗಿಲಲ್ಲಿ ಕುಡಿಯುವ ನೀರಿನ ಮಡಕೆ ಇತ್ತು. ಅಣ್ಣ ಒಳಗೆ ಬರುವಾಗ ಅಲ್ಲಿದ್ದವರು ಲೋಟ ಎತ್ತಿ "ತನ್ನಿಯಾ, ನೀರಾ?" ಎಂದು ಕೇಳತೊಡಗಿದರು. ಅವನು ಯಾವ ಶಬ್ದ ಹಿಡಿದುಕೊಂಡನೋ ಆ ದಿನಕ್ಕೆ ಆ ಭಾಷೆ. ಮೊದಲು ಯಾರಿಗೆ ಇದು ಹೊಳೆಯಿತು ಎಂದು ಕೇಳಿದೆ. ಮೇಸ್ತ್ರಿ ಇನ್ನೊಬ್ಬನನ್ನು ತೋರಿಸಿದ, ಅವನು ಮತ್ತೊಬ್ಬನನ್ನು. ಯಾರಿಗೂ ನೆನಪಿರಲಿಲ್ಲ.

ವರ್ಷಗಳು ಹೋದವು. ನನಗೆ ಮದುವೆಯಾಗಿ ದೇರೆಬೈಲಿಗೆ ಬಂದೆ. ಅಣ್ಣ ಮದುವೆಯಾಗಲಿಲ್ಲ. ಓದು ಮರಳಲಿಲ್ಲ. ಕನ್ನಡ ಕೆಲವು ಶಬ್ದಗಳಷ್ಟೇ ಬಂತು. ನನ್ನ ಗಂಡನ ಜೊತೆ ಅವನು ಆ ಕೆಲವು ಶಬ್ದಗಳನ್ನೇ ಮತ್ತೆ ಮತ್ತೆ, ಬಹಳ ಗೌರವದಿಂದ ಆಡುತ್ತಿದ್ದ. ಹಾಜಿಯವರ ಮಗ ಗಲ್ಫಿಗೆ ಹೋದ, ಮಂಜಿಗಳು ಕಡಿಮೆಯಾದವು, ಗೋದಾಮಿನಲ್ಲಿ ಆಳುಗಳೂ ಕಡಿಮೆಯಾದರು. ಅಣ್ಣ ಉಳಿದ. ಅವನಷ್ಟು ಗಟ್ಟಿಯಾಗಿ ಗೋಣಿ ಹೊಲಿಯುವವರು ಆ ಹೊತ್ತಿಗೆ ಅಲ್ಲಿ ಇರಲಿಲ್ಲ ಎಂಬುದೂ ನಿಜ.

ಒಂದು ದಿನ ಬಜಪೆಯಿಂದ ಒಬ್ಬ ಹೆಂಗಸು ನನ್ನ ಮನೆ ಹುಡುಕಿಕೊಂಡು ಬಂದಳು. ಅವಳ ಮಗ ಕಳ್ಳು ಇಳಿಸುವವ, ತಾಳೆಮರದಿಂದ ಬಿದ್ದಿದ್ದ. ಅಣ್ಣನ ವಿಷಯ ಯಾರೋ ಹೇಳಿದ್ದರಂತೆ.

"ಯಾವ ಮದ್ದು ಕೊಟ್ಟದ್ದು ಟೀಚರೇ?" ಎಂದು ಕೇಳಿದಳು.

"ಮದ್ದು ಅಂತ ಎಂತದೂ ಇಲ್ಲ. ನಿಮ್ಮ ಮಗನಿಗೆ ಮಾತು ಬರುವುದಿಲ್ಲವಾ?"

"ಮಾತೆಲ್ಲ ಸರಿ ಉಂಟು. ಕೈಕಾಲು ಸರಿ ಉಂಟು. ಆದ್ರೆ ಕೂತರೆ ಕೂತೇ ಇರ್ತಾನೆ. ಅನ್ನ ಬಡಿಸಿದ್ರೆ ನೋಡ್ತಾ ಇರ್ತಾನೆ. ಉಣ್ಣು ಅಂದ್ರೆ ಉಣ್ತಾನೆ. ಊರವರು ಸೋಮಾರಿ ಅಂತಾರೆ. ನನ್ನ ಮಗ ಸೋಮಾರಿ ಅಲ್ಲ."

ಇದು ನಮಗೆ ಗೊತ್ತಿರುವ ದಾರಿ ಎಂದು ನಾನು ಧೈರ್ಯದಿಂದ ಅವನನ್ನು ಗೋದಾಮಿಗೆ ಕರೆದುಕೊಂಡು ಹೋದೆ. ಗಟ್ಟಿಮುಟ್ಟಾದ ಆಳು. ದಬ್ಬಣ ಕೊಟ್ಟು ತೋರಿಸಿದರೆ ಒಂದು ಗೋಣಿಯನ್ನು ಅಚ್ಚುಕಟ್ಟಾಗಿ ಹೊಲಿದ. ಹೊಲಿದು, ದಬ್ಬಣ ಹಿಡಿದುಕೊಂಡೇ ಕೂತ. ಇನ್ನೊಂದು ಹೊಲಿ ಎಂದರೆ ಹೊಲಿದ, ಮತ್ತೆ ಕೂತ. ಪ್ರತಿ ಗೋಣಿಗೂ ಹೇಳುವುದಕ್ಕೆ ಯಾರಿಗೆ ಪುರುಸೊತ್ತು? ಕೆಲವೇ ದಿನಗಳಲ್ಲಿ ಮೇಸ್ತ್ರಿ ಕೈಮುಗಿದ.

ಅಣ್ಣನಿಗೆ ಅಂದು ತುಳುವಿನ ದಿನ. ಬಜಪೆಯವನ ಪಕ್ಕ ಹೋಗಿ ಕೂತು, "ನೀನು ಯಾಕೆ ಸುಮ್ಮನೆ ಕೂತಿದ್ದಿ?" ಎಂದು ಕೇಳಿದ.

"ಗೊತ್ತಿಲ್ಲ," ಎಂದ ಅವನು.

"ನನಗೂ ಗೊತ್ತಿಲ್ಲ," ಎಂದ ಅಣ್ಣ. ಇಬ್ಬರೂ ನಕ್ಕರು. ಏನಕ್ಕೆ ನಕ್ಕರೆಂದು ಆ ತಾಯಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಬಸ್ಸು ತೊಳೆಯುವ ಕೆಲಸ ನೋಡಿದೆವು. ಒಂದು ಬಸ್ಸು ತೊಳೆದು ಬಕೆಟಿನ ಪಕ್ಕ ನಿಂತ. ಹೋಟೆಲಿನಲ್ಲಿ ರುಬ್ಬಲು ಕೂರಿಸಿದೆವು. ಸಾಕು ಎನ್ನುವವರಿಲ್ಲದೆ ಹಿಟ್ಟು ನುಣ್ಣಗಾದ ಮೇಲೂ ರುಬ್ಬುತ್ತಲೇ ಇದ್ದ. ತಾನಾಗಿ ಶುರು ಮಾಡಬೇಕಾಗದ ಕೆಲಸ ಯಾವುದು ಎಂದು ಯೋಚಿಸುತ್ತಾ ಒಂದು ದಿನ ಹಂಚಿನ ಕಾರ್ಖಾನೆಯ ಮುಂದೆ ಹೋಗುವಾಗ ಒಳಗಿನ ಅಚ್ಚಿನ ಯಂತ್ರದ ಸದ್ದು ಕೇಳಿ ನಿಂತೆ. ಅಲ್ಲಿ ಮಣ್ಣಿನ ಹಲಗೆ ಒಬ್ಬರ ಕೈಯಿಂದ ಬರುತ್ತದೆ, ಯಂತ್ರ ಒತ್ತುತ್ತದೆ, ಹಸಿ ಹಂಚನ್ನು ಎತ್ತಿ ಮುಂದಿನವರಿಗೆ ಕೊಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಕೆಲಸವೇ ಬಂದು ಕೈಗೆ ತಾಗುತ್ತದೆ. ಮರುದಿನ ಅವನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಮ್ಯಾನೇಜರರು ಮುದುಕರಾಗಿದ್ದರು. ಅಣ್ಣನ ಬಗ್ಗೆ ವಿಚಾರಿಸಿ, ಆಮೇಲೆ ಇವನನ್ನು ನೋಡಿ, "ಇವನಿಗೆ ಎಂತ ಆಗಿದೆ?" ಎಂದರು.

"ಸರಿಯಾಗಿ ಹೇಳಲಿಕ್ಕೆ ನನಗೆ ಗೊತ್ತಿಲ್ಲ ಸಾರ್. ಒಂದು ವಾರ ಅಚ್ಚಿನ ಹತ್ತಿರ ನಿಲ್ಲಿಸಿ ನೋಡಿ."

ಮೊದಲ ದಿನದಿಂದಲೇ ಅವನು ಉಳಿದವರಂತೆ ಕೆಲಸ ಮಾಡಿದ. ಊಟದ ಹೊತ್ತಿಗೆ ಯಂತ್ರ ನಿಂತು ಎಲ್ಲರೂ ಎದ್ದು ಹೋದರೂ ಇವನು ಕೈ ಚಾಚಿಕೊಂಡು ಅಲ್ಲೇ ನಿಂತಿರುತ್ತಿದ್ದ. ಎದುರು ನಿಂತು ಕೆಲಸ ಮಾಡುತ್ತಿದ್ದ ಹೆಂಗಸು ಹೋಗುವಾಗ ಅವನ ಭುಜ ತಟ್ಟಿ "ಬಾ, ಊಟ" ಎನ್ನುವ ಅಭ್ಯಾಸ ಮಾಡಿಕೊಂಡಳು. ಕೆಲವು ತಿಂಗಳ ಮೇಲೆ ಮೇಲ್ವಿಚಾರಕನೊಬ್ಬ ಹೊಸದಾಗಿ ಬಂದು, ಇಷ್ಟು ಗಟ್ಟಿ ಆಳು ಅಚ್ಚಿನ ಹತ್ತಿರ ಯಾಕೆ ಎಂದು ಅವನನ್ನು ಮಣ್ಣು ಹೊರಲು ಹಾಕಿದ. ಅವನು ಮಣ್ಣಿನ ರಾಶಿಯ ಪಕ್ಕ ನಿಂತೇ ಬಿಟ್ಟ. ತಾಯಿ ಅಳುತ್ತಾ ನನ್ನಲ್ಲಿಗೆ ಬಂದಳು, ನಾನು ಮತ್ತೆ ಮ್ಯಾನೇಜರರ ಹತ್ತಿರ ಹೋದೆ. ಅವನನ್ನು ಅಚ್ಚಿನ ಹತ್ತಿರಕ್ಕೆ, ಅದೇ ಹೆಂಗಸಿನ ಎದುರಿಗೆ ಮರಳಿ ನಿಲ್ಲಿಸಿದರು.

ಕಾರ್ಖಾನೆಯ ಗೇಟಿನ ಹೊರಗೆ ಬಂದ ಮೇಲೆ ಆ ತಾಯಿ ಕೇಳಿದಳು, "ಇನ್ನು ಎಂತ ತೊಂದ್ರೆ ಇಲ್ಲ ಅಲ್ವಾ ಟೀಚರೇ?"

"ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ಆಗಾಗ ಬಂದು ನೋಡುವ," ಎಂದೆ.

ಬಜಪೆಯ ಬಸ್ಸು ಹಿಡಿಯಲು ಅವಳು ಬೇಗ ಬೇಗ ನಡೆದಳು. ಬಸ್ ನಿಲ್ದಾಣದವರೆಗೆ ನಾನೂ ಜೊತೆಗೆ ಹೋದೆ.